ಉದ್ದದ ಸ್ಕ್ರೂ ಹಾಕಿದರೆ ಗೋಡೆಯ ಟಿವಿ ಬೀಳುವುದಿಲ್ಲವೇ?

"ನಾಲ್ಕು ಉದ್ದದ ಸ್ಕ್ರೂ ಹಾಕಿಸಿ, ಎಷ್ಟು ಭಾರದ ಟಿವಿಯಾದರೂ ನಿಲ್ಲುತ್ತೆ" ಎಂಬ ಸಲಹೆಯನ್ನು ನೀವೂ ಕೇಳಿರಬಹುದು. ಇದು ಅರ್ಧ ಸತ್ಯ. ಬ್ರಾಕೆಟ್ ನಿಲ್ಲುವುದು ಸ್ಕ್ರೂ ಉದ್ದವಾಗಿದೆ ಎಂಬ ಒಂದೇ ಕಾರಣಕ್ಕಲ್ಲ. ಗೋಡೆ ಯಾವುದರಿಂದ ಕಟ್ಟಿದ್ದು, ಅದಕ್ಕೆ ಹೊಂದುವ ಪ್ಲಗ್ ಹಾಕಿದ್ದಾರೆಯೇ ಎಂಬುದು ಮುಖ್ಯ.

ಭಾರ ಹೇಗೆ ಎಳೆಯುತ್ತದೆ?

ಟಿವಿಯ ತೂಕ ಕೆಳಕ್ಕೆ ಜಗ್ಗುವುದಷ್ಟೇ ಅಲ್ಲ, ಮೇಲಿನ ಸ್ಕ್ರೂಗಳನ್ನು ಗೋಡೆಯಿಂದ ಹೊರಕ್ಕೂ ಕೀಳುತ್ತದೆ. 15 ಕೆ.ಜಿ. ಟಿವಿಯನ್ನು ಗೋಡೆಗೆ ಅಂಟಿದಂತೆ 5 ಸೆಂ.ಮೀ. ದೂರದಲ್ಲಿ ಹಾಕಿದ್ದೀರಿ, ಬ್ರಾಕೆಟ್‌ನ ಎತ್ತರ 20 ಸೆಂ.ಮೀ. ಎಂದುಕೊಳ್ಳಿ. ಮೇಲಿನ ಸ್ಕ್ರೂಗಳನ್ನು ಕೀಳುವ ಬಲ 4 ಕೆ.ಜಿ.ಗಿಂತ ಕಡಿಮೆ. ಅದೇ ಟಿವಿಯನ್ನು ತಿರುಗುವ ಕೈ ಇರುವ ಬ್ರಾಕೆಟ್‌ನಲ್ಲಿ 45 ಸೆಂ.ಮೀ. ಮುಂದಕ್ಕೆ ಎಳೆದರೆ ಆ ಬಲ ಸುಮಾರು 34 ಕೆ.ಜಿ.ಗೆ ಏರುತ್ತದೆ. ಮಕ್ಕಳು ಅದಕ್ಕೆ ಜೋತುಬಿದ್ದರೆ ಇನ್ನೂ ಹೆಚ್ಚು.

ಗಿಲಾವು ಭಾರ ಹೊರುವುದಿಲ್ಲ

ನಮಗೆ ಕಾಣುವ ಗೋಡೆಯ ಮೇಲ್ಮೈ ಸಾಮಾನ್ಯವಾಗಿ 12ರಿಂದ 15 ಮಿ.ಮೀ. ದಪ್ಪದ ಸಿಮೆಂಟ್ ಗಿಲಾವು, ಅಂದರೆ ಪ್ಲಾಸ್ಟರಿಂಗ್. ಪ್ಲಗ್ ಇದನ್ನು ದಾಟಿ ಒಳಗಿನ ಇಟ್ಟಿಗೆ ಅಥವಾ ಬ್ಲಾಕ್‌ನಲ್ಲಿ ಕೂರಬೇಕು. ಪ್ಲಗ್ 50 ಮಿ.ಮೀ. ಉದ್ದವಿದ್ದರೆ, ಗಿಲಾವಿಗೆ 15, ಪುಡಿ ನಿಲ್ಲಲು 10 ಸೇರಿಸಿ ತೂತು ಸುಮಾರು 75 ಮಿ.ಮೀ. ಆಳವಿರಬೇಕು. ಸ್ಕ್ರೂ ಬ್ರಾಕೆಟ್ ಮತ್ತು ಗಿಲಾವನ್ನು ದಾಟಿ ಪ್ಲಗ್‌ನ ತುದಿ ಮುಟ್ಟಬೇಕು. ಉದ್ದದ ಸ್ಕ್ರೂ ಬೇಕು ಎಂಬ ಮಾತಿನಲ್ಲಿರುವ ಸತ್ಯ ಇಷ್ಟೇ.

ಗೋಡೆ ಯಾವುದೆಂದು ತಿಳಿಯುವುದು ಹೇಗೆ?

ಡ್ರಿಲ್ ಮಾಡುವಾಗ ಗಿಲಾವು ದಾಟಿದ ನಂತರ ಬರುವ ಪುಡಿಯನ್ನು ನೋಡಿ.

• ಕೆಂಪು ಪುಡಿ: ಇಟ್ಟಿಗೆ. ಇಟ್ಟಿಗೆ ಗಟ್ಟಿಯಿದ್ದರೆ ಒಳ್ಳೆಯ ನೈಲಾನ್ ಪ್ಲಗ್ ಸಾಕು. ಕರಾವಳಿಯ ಮುರಕಲ್ಲಿನಿಂದಲೂ ಕೆಂಪು ಪುಡಿಯೇ ಬರುತ್ತದೆ. ಅದರೊಳಗೆ ಪೊಳ್ಳು ಸಿಗಬಹುದು, ಎಚ್ಚರ.
• ಬೂದು ಪುಡಿ, ಡ್ರಿಲ್ ನಿಧಾನ: ಕಾಂಕ್ರೀಟ್ ಅಥವಾ ಸಾಲಿಡ್ ಬ್ಲಾಕ್. ಕಾಂಕ್ರೀಟ್ ಆಗಿದ್ದರೆ ಲೋಹದ ಆಂಕರ್ ಬೋಲ್ಟ್ ಕೂಡ ಹಾಕಬಹುದು.
• ಬಿಟ್ ಥಟ್ಟನೆ ಒಳಕ್ಕೆ ಜಾರಿದರೆ: ಹಾಲೋ ಬ್ಲಾಕ್. ಸಾಮಾನ್ಯ ಪ್ಲಗ್ ಇಲ್ಲಿ ಸುಮ್ಮನೆ ತಿರುಗುತ್ತದೆ. ಜಾಲರಿ ತೋಳಿನೊಂದಿಗೆ ಬರುವ ಕೆಮಿಕಲ್ ಆಂಕರ್ ಅಥವಾ ಹಾಲೋ ಬ್ಲಾಕ್‌ಗೆಂದೇ ಇರುವ ಪ್ಲಗ್ ಬೇಕು.
• ಬಿಳಿ, ಮೆತ್ತನೆಯ ಪುಡಿ: ಹಗುರವಾದ ಎಎಸಿ ಬ್ಲಾಕ್. ಅನೇಕ ಹೊಸ ಅಪಾರ್ಟ್‌ಮೆಂಟ್‌ಗಳಲ್ಲಿ ಇದೇ ಇರುತ್ತದೆ. ಹ್ಯಾಮರ್ ಮೋಡ್ ಬೇಡ. ಎಎಸಿಗೆಂದೇ ಮಾಡಿದ ಪ್ಲಗ್ ಕೇಳಿ ಪಡೆಯಿರಿ.

"ಲೋಹದ ಬೋಲ್ಟ್ ಎಲ್ಲಕ್ಕಿಂತ ಗಟ್ಟಿ" ಎಂಬುದೂ ಎಲ್ಲ ಗೋಡೆಗೂ ನಿಜವಲ್ಲ. ಬಿಗಿದಂತೆ ಅಗಲವಾಗುವ ಬೋಲ್ಟ್ ಇಟ್ಟಿಗೆಯನ್ನೇ ಸೀಳಬಹುದು, ಎಎಸಿ ಬ್ಲಾಕನ್ನು ಪುಡಿಮಾಡಬಹುದು.

ಬೆಂಕಿಕಡ್ಡಿ ತುರುಕಿದರೆ?

ತೂತು ದೊಡ್ಡದಾದಾಗ ಬೆಂಕಿಕಡ್ಡಿ, ಮರದ ಚೂರು ತುರುಕಿ ಸ್ಕ್ರೂ ಬಿಗಿಯುವುದುಂಟು. ಫೋಟೊ ನೇತುಹಾಕಲು ಅದು ನಡೆದೀತು, ಟಿವಿಗೆ ಖಂಡಿತ ಬೇಡ. ಮರ ಒಣಗಿ ಕುಗ್ಗಿದಂತೆ ಹಿಡಿತ ಸಡಿಲವಾಗುತ್ತದೆ. ಬೇರೆ ಜಾಗದಲ್ಲಿ ಹೊಸ ತೂತು ಕೊರೆಯುವುದೇ ಸರಿ.

ಕೆಲಸದ ವೇಳೆ ಗಮನಿಸಿ

ಸ್ವಿಚ್‌ಬೋರ್ಡ್‌ನ ನೇರ ಮೇಲೆ, ಕೆಳಗೆ ವೈರ್ ಹೋಗಿರುವ ಸಾಧ್ಯತೆ ಹೆಚ್ಚು, ಅಲ್ಲಿ ಕೊರೆಯಬೇಡಿ. ಗೋಡೆಯ ಆಚೆ ಬಚ್ಚಲಿದ್ದರೆ ನೀರಿನ ಪೈಪ್ ಎಲ್ಲಿದೆ ಎಂದು ಮೊದಲೇ ತಿಳಿದುಕೊಳ್ಳಿ. 10 ಮಿ.ಮೀ. ಪ್ಲಗ್‌ಗೆ 10 ಮಿ.ಮೀ. ಬಿಟ್ ಬಳಸಿ. ತೂತಿನೊಳಗಿನ ಪುಡಿಯನ್ನು ಪೂರ್ತಿ ತೆಗೆಯಿರಿ. ಪುಡಿ ಉಳಿದರೆ ಪ್ಲಗ್ ಜಾರುತ್ತದೆ. ಕಣ್ಣಿಗೆ ಕನ್ನಡಕವಿರಲಿ.

ಟಿವಿ ಹಾಕುವ ಮೊದಲು ಬ್ರಾಕೆಟನ್ನು ಕೈಯಿಂದ ಬಲವಾಗಿ ಕೆಳಕ್ಕೂ ಮುಂದಕ್ಕೂ ಎಳೆದು ನೋಡಿ. ಸ್ಕ್ರೂ ಬಿಗಿಯಾಗದೆ ಸುತ್ತುತ್ತಲೇ ಇದ್ದರೆ, ಬ್ರಾಕೆಟ್ ಸ್ವಲ್ಪವೇ ಅಲುಗಿದರೂ, ಟಿವಿ ಹಾಕಬೇಡಿ. ಕಂಪನಿಯವರು ಕಳಿಸಿದ ಕೆಲಸಗಾರರೇ ಬಂದಿದ್ದರೂ ಒಂದು ಮಾತು ಕೇಳಿ: "ಇದು ಯಾವ ಗೋಡೆ, ಅದಕ್ಕೆ ಯಾವ ಪ್ಲಗ್ ಹಾಕುತ್ತಿದ್ದೀರಿ?" ಈಗಾಗಲೇ ಗೋಡೆಯಲ್ಲಿರುವ ಟಿವಿ ಮುಂದಕ್ಕೆ ವಾಲಿದ್ದರೆ ಅಥವಾ ಬ್ರಾಕೆಟ್ ಸುತ್ತ ಗಿಲಾವು ಬಿರುಕು ಬಿಟ್ಟಿದ್ದರೆ, ಇಂದೇ ಕೆಳಗಿಳಿಸಿ.