ವೀರಗಲ್ಲಿನ ಸ್ತ್ರೀಯೂ ನಾಟಕದ ಸ್ತ್ರೀಯೂ

ಬಾಣಾವರವೆಂಬ ಹೆಸರಿನಲ್ಲಿಯೇ ಬಾಣವಿದೆ. ಸ್ಥಳಪುರಾಣವು ಆ ಹೆಸರನ್ನು ಶ್ರೀರಾಮನ ಬಾಣಗಳಿಗೆ ಹೊಂದಿಸಿ ಹೇಳುತ್ತದೆ. ಶಬ್ದಶಾಸ್ತ್ರವು ಇದನ್ನು ಒಪ್ಪುವುದೋ ಬಿಡುವುದೋ, ಊರಿನ ಚರಿತ್ರೆಯಂತೂ ಒಪ್ಪುತ್ತದೆ. ಹೊಯ್ಸಳರ ಸೀಮೆಯಾಗಿದ್ದ ಈ ಊರು ಕಾಲಾಂತರದಲ್ಲಿ ಇಕ್ಕೇರಿಯವರ ಕೈಸೇರಿತು. 1690ರಲ್ಲಿ ಚಿಕ್ಕದೇವರಾಜ ಒಡೆಯರು ಇದನ್ನು ಮೈಸೂರಿಗೆ ಸೇರಿಸಿಕೊಂಡರು. ಹೈದರಾಲಿಯು ಇಲ್ಲಿಯ ಜನರನ್ನು ತಾನು ಕಟ್ಟಿಸಹೊರಟ ನಾಗಪುರಿಗೆ ಸಾಗಿಸಿದನೆಂದೂ, ಆ ಸ್ಥಳದ ಹವೆ ಮೈಗೊಗ್ಗದೆ ಅವರು ಮರಳಿ ಬಾಣಾವರಕ್ಕೇ ಬಂದರೆಂದೂ ಗೆಜೆಟಿಯರು ಒಂದೆರಡು ವಾಕ್ಯಗಳಲ್ಲಿ ಹೇಳಿ ಮುಗಿಸುತ್ತದೆ. ಒಂದು ಊರೆಲ್ಲ ಎರಡು ಬಾರಿ ಮನೆ ಕಿತ್ತು ಎರಡು ಬಾರಿ ಮನೆ ಹೂಡಿತು. ಒಲೆಗಲ್ಲು, ಒರಳುಕಲ್ಲು, ತೊಟ್ಟಿಲುಗಳ ಭಾರವು ಯಾರ ಪಾಲಿಗೆ ಬಂದಿತೆಂಬುದನ್ನು ಗೆಜೆಟಿಯರು ಬರೆದಿಲ್ಲ; ಗೃಹಸ್ಥರಿಗೆ ಬರೆದು ತಿಳಿಸಬೇಕಾದುದೂ ಇಲ್ಲ.

ಹಿಂದೆ ಹಳೇಬೀಡನ್ನು ನೋಡಲು ಬರುವ ಯಾತ್ರಿಕರು ಬಾಣಾವರದ ರೈಲುನಿಲ್ದಾಣದಲ್ಲಿ ಇಳಿದು, ಅಲ್ಲಿಂದ ಗಾಡಿಯ ಹಾದಿ ಹಿಡಿಯುತ್ತಿದ್ದರು. ಆ ಸೀಮೆಯ ಕೆರೆಯೇರಿಗಳ ಮೇಲೂ ದೇಗುಲದ ಅಂಗಳಗಳಲ್ಲಿಯೂ ನಿಂತಿರುವ ವೀರಗಲ್ಲುಗಳು ಎಲ್ಲರಿಗೂ ಪರಿಚಿತವಾದುವು. ಸಾಮಾನ್ಯವಾಗಿ ಅವುಗಳಲ್ಲಿ ಮೂರು ಅಂಕಣಗಳಿರುತ್ತವೆ. ಕೆಳಗಡೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಸುರಾಂಗನೆಯರು, ಮೇಲ್ಗಡೆ ಶಿವಸಾನ್ನಿಧ್ಯ. ಮೂರಂಕದ ನಾಟಕವೆಂದರೂ ಸಲ್ಲುತ್ತದೆ. ಎಡೆಯ ಪಟ್ಟಿಕೆಗಳಲ್ಲಿ ಶಕವರ್ಷ, ಆಳುವ ಅರಸು, ಸತ್ತವನ ಹೆಸರು, ತುರುಗೊಳ್ ಮುಂತಾದ ಕಾರಣ, ಇವೆಲ್ಲ ದಾಖಲೆಯ ಖಚಿತತೆಯಿಂದ ಬರುತ್ತವೆ. 1902ರಲ್ಲಿ ಬಿ. ಎಲ್. ರೈಸ್ ಅವರು ಪ್ರಕಟಿಸಿದ ಹಾಸನ ಜಿಲ್ಲೆಯ ಶಾಸನಸಂಪುಟವನ್ನು ತಿರುವಿದವರಿಗೆ ಇಂತಹ ಮರಣಗಳ ಸಂಖ್ಯೆಯೇ ಬೆರಗುಂಟುಮಾಡುತ್ತದೆ. ಆದರೆ ಈ ಮೂರಂಕಗಳ ನಾಟಕದಲ್ಲಿ ಸ್ತ್ರೀಪಾತ್ರವೆಂದರೆ ಸುರಾಂಗನೆ ಮಾತ್ರ. ಮನೆಯಲ್ಲಿ ಉಳಿದವಳಿಗೆ ಪ್ರವೇಶವಿಲ್ಲ.

ಅವಳಿಗೆ ಪ್ರವೇಶ ದೊರೆಯುವುದು ಅವಳೂ ಸತ್ತಾಗ. ಆಗ ವೀರಗಲ್ಲಿನ ಪಕ್ಕದಲ್ಲಿ ಮಾಸ್ತಿಕಲ್ಲು ಏಳುತ್ತದೆ. ಕಂಬವೊಂದರಿಂದ ಚಾಚಿ ಮೇಲಕ್ಕೆ ಮಡಿದ ತೋಳು, ಮುಂಗೈಯಲ್ಲಿ ಬಳೆ, ಕೆಲವೆಡೆ ಬೆರಳುಗಳ ನಡುವೆ ನಿಂಬೆಯ ಹಣ್ಣು. ಮುಖವಿಲ್ಲದ ಕಲ್ಲುಗಳೇ ಬಹಳ. ವ್ಯಾಸಭಾರತದ ಸ್ತ್ರೀಪರ್ವದಲ್ಲಿ ಭೂರಿಶ್ರವಸ್ಸಿನ ಹೆಂಡಿರು ಕಡಿದುಬಿದ್ದ ಪತಿಯ ತೋಳನ್ನು ಹಿಡಿದು ಅಳುತ್ತಾರೆ. ನಮ್ಮ ಕಲ್ಲುಗಳಲ್ಲಿ ಹೆಂಡತಿಯ ತೋಳೇ ಉಳಿದಿದೆ, ಅಳುವವರು ಯಾರೂ ಇಲ್ಲ.

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿಯಲ್ಲಿ ಒಂದು ಕಂಬವಿದೆ. ಇಮ್ಮಡಿ ವೀರಬಲ್ಲಾಳನು 1220ರಲ್ಲಿ ತೀರಿಕೊಂಡಾಗ ಅವನ ಗರುಡನಾಗಿದ್ದ ಕುವರಲಕ್ಷ್ಮ ದಂಡನಾಯಕನು, ಒಡೆಯನನ್ನು ಅಗಲಿ ಬದುಕುವುದಿಲ್ಲವೆಂಬ ಭಾಷೆಗೆ ತಪ್ಪದೆ, ತನ್ನ ಹೆಂಡತಿ ಸುಗ್ಗಲದೇವಿಯೊಡನೆಯೂ ಸಾವಿರ ಮಂದಿ ವೀರರೊಡನೆಯೂ ಪ್ರಾಣವನ್ನು ನೀಗಿದನೆಂದು ಅದರ ಶಾಸನವು ಸಾರುತ್ತದೆ. ತಮ್ಮ ಶಿರಸ್ಸನ್ನು ತಾವೇ ಕತ್ತರಿಸಿಕೊಳ್ಳುತ್ತಿರುವ ವೀರರ ಆಕೃತಿಗಳು ಕಂಬದ ಮೇಲಿವೆ. ಶಾಸನಕವಿಯ ವಾಣಿ ಪ್ರೌಢವಾದುದು. ಸ್ವಾಮಿಭಕ್ತಿಯ ವರ್ಣನೆಯಲ್ಲಿ ಅವನಿಗೆ ಸಮಾನರು ವಿರಳ. ಆದರೆ ಭಾಷೆ ಕೊಟ್ಟವನು ಲಕ್ಷ್ಮನು. ಸುಗ್ಗಲದೇವಿಯು ತನ್ನ ಬಾಯಿಂದ ಏನಾದರೂ ಭಾಷೆ ಕೊಟ್ಟಿದ್ದಳೆ? ಸಾವಿರ ವೀರರ ಸಾವಿರ ಮನೆಗಳಲ್ಲಿ ಆ ಸಂಜೆ ದೀಪ ಹಚ್ಚಿದವರು ಯಾರು? ಅರಸೀಕೆರೆಯ ಸುಂದರವಾದ ಶಿವಾಲಯವೂ ಸುಮಾರು ಅದೇ 1220ರದೆಂಬುದನ್ನು ನೆನೆದರೆ, ಒಂದೇ ಕಾಲದಲ್ಲಿ ಒಂದೇ ಸೀಮೆಯಲ್ಲಿ ಶಿಲ್ಪಿಯ ಉಳಿಗೆ ಎಂತೆಂತಹ ಕೆಲಸಗಳು ಬಿದ್ದಿದ್ದುವೆಂಬುದು ತಿಳಿಯುತ್ತದೆ.

ಇದೇ ಜಿಲ್ಲೆಯ ಶ್ರವಣಬೆಳಗೊಳದಲ್ಲಿ ಇದಕ್ಕೆ ಪ್ರತಿಯಾದ ಇನ್ನೊಂದು ಕಲ್ಲು ಉಂಟು. ಹತ್ತನೆಯ ಶತಮಾನದ ನಡುಗಾಲಕ್ಕೆ ಸೇರಿದ ಆ ವೀರಗಲ್ಲು ಸಾವಿಯಬ್ಬೆಯದು. ಲೋಕವಿದ್ಯಾಧರನ ಪತ್ನಿಯಾದ ಆಕೆಯು ಗಂಡನೊಡನೆ ಬಗೆಯೂರಿನ ಕಾಳಗಕ್ಕೆ ಹೋಗಿ ಅಲ್ಲಿಯೇ ಮಡಿದಳು. ಕುದುರೆಯನ್ನೇರಿ ಕತ್ತಿಯೆತ್ತಿ, ಆನೆಯ ಮೇಲಿರುವ ಶತ್ರುವನ್ನು ಎದುರಿಸುತ್ತಿರುವಂತೆ ಆಕೆಯನ್ನು ಅಲ್ಲಿ ಬಿಡಿಸಲಾಗಿದೆ. ಇಲ್ಲಿ ತೋಳು ಮಾತ್ರವಲ್ಲ, ಇಡೀ ಹೆಂಗಸು ಇದ್ದಾಳೆ. ಆದರೂ ಶಾಸನಕಾರನು ಆಕೆಯನ್ನು ಹೊಗಳಹೊರಟು ರೇವತಿ, ಸೀತೆ, ಅರುಂಧತಿಯರ ಹೋಲಿಕೆಗೇ ಶರಣಾಗುತ್ತಾನೆ. ಕತ್ತಿ ಹಿಡಿದ ಹೆಂಗಸಿಗೆ ಒಪ್ಪುವ ಉಪಮಾನವು ಅವನ ಭಂಡಾರದಲ್ಲಿ ಇರಲಿಲ್ಲವೆಂದು ತೋರುತ್ತದೆ.

ಸ್ತ್ರೀಪರ್ವದ ಪ್ರಸ್ತಾಪ ಬಂದಿತಷ್ಟೆ. ವ್ಯಾಸರ ವರದಿಂದ ದಿವ್ಯದೃಷ್ಟಿಯನ್ನು ಪಡೆದ ಗಾಂಧಾರಿಯು ಆ ಪರ್ವದಲ್ಲಿ ರಣಭೂಮಿಯನ್ನು ಕಂಡು, ಬಿದ್ದವರನ್ನೂ ಅವರ ಬಳಿ ಕುಳಿತ ಹೆಂಗಸರನ್ನೂ ಒಬ್ಬೊಬ್ಬರನ್ನಾಗಿ ಹೆಸರಿಸಿ ಕೃಷ್ಣನಿಗೆ ತೋರಿಸುತ್ತಾಳೆ. ಅಭಿಮನ್ಯುವಿನ ಬಳಿ ಉತ್ತರೆ; ಜಯದ್ರಥನ ತಲೆಯನ್ನು ಅರಸಿ ಅಲೆಯುವ ದುಶ್ಶಳೆ. ಇದು ವಿಲಾಪವೂ ಹೌದು, ಸಾಕ್ಷ್ಯವೂ ಹೌದು. ಕೊನೆಯಲ್ಲಿ ಆಕೆ ಕೃಷ್ಣನ ಮೇಲೆಯೇ ದೋಷವನ್ನು ಹೊರಿಸಿ ಶಪಿಸುತ್ತಾಳೆ. ಕನ್ನಡದ ಮನೆಗಳು ಗಮಕದಲ್ಲಿ ಕೇಳುವ ಕುಮಾರವ್ಯಾಸನ ಹತ್ತು ಪರ್ವಗಳಲ್ಲಿ ಸ್ತ್ರೀಪರ್ವವೆಂಬ ಪ್ರತ್ಯೇಕ ಪರ್ವವೇ ಇಲ್ಲ. ಪಟ್ಟಾಭಿಷೇಕವನ್ನೋದಿ ಮಂಗಳ ಹಾಡುವುದು ವಾಡಿಕೆ. ಮಂಗಳವು ಒಳ್ಳೆಯದೇ, ಆದರೆ ಅದರ ಅವಸರದಲ್ಲಿ ಸಾಕ್ಷಿಯ ಮಾತು ಮೊಟಕಾಗುತ್ತದೆ.

ಈ ಕೊರತೆಯನ್ನು ಕನ್ನಡದಲ್ಲಿ ತುಂಬತೊಡಗಿದುದು ರಂಗಭೂಮಿ. ಕುವೆಂಪು ಅವರು ‘ಸ್ಮಶಾನ ಕುರುಕ್ಷೇತ್ರಂ’ ಎಂಬ ನಾಟಕದಲ್ಲಿ ಯುದ್ಧಾನಂತರದ ರಣರಂಗವನ್ನೇ ರಂಗವನ್ನಾಗಿಸಿದರು. ಬಿ. ಎಂ. ಶ್ರೀಕಂಠಯ್ಯನವರು 1926ರಲ್ಲಿ ರನ್ನನ ಕಾವ್ಯವನ್ನು ‘ಗದಾಯುದ್ಧ ನಾಟಕಂ’ ಆಗಿ ಮಾರ್ಪಡಿಸಿ, 1935ರಲ್ಲಿ ಗ್ರೀಕರ ಐಸ್ಕಿಲಸನ ‘ಪಾರಸಿಕರು’ ನಾಟಕವನ್ನು ಕನ್ನಡಕ್ಕೆ ತಂದರು. ಈ ಎರಡನೆಯದರ ವಿಶೇಷವನ್ನು ವಾಚಕರು ಗಮನಿಸಬೇಕು. ಇಂದಿಗೆ ಉಳಿದಿರುವ ಗ್ರೀಕ್ ರುದ್ರನಾಟಕಗಳಲ್ಲಿ ಪುರಾಣವನ್ನು ಬಿಟ್ಟು ನಡೆದ ಚರಿತ್ರೆಯನ್ನು ವಸ್ತುವಾಗಿ ಹಿಡಿದುದು ಇದೊಂದೇ. ಸಲಾಮಿಸಿನ ನೌಕಾಯುದ್ಧ ನಡೆದುದು ಕ್ರಿಸ್ತಪೂರ್ವ 480ರಲ್ಲಿ. ನಾಟಕವು ಆಡಲ್ಪಟ್ಟುದು 472ರಲ್ಲಿ. ಕವಿಯು ಸ್ವತಃ ಮ್ಯಾರಥಾನಿನಲ್ಲಿ ಪಾರಸಿಕರೊಡನೆ ಕಾದಿದವನು. ಗೆದ್ದ ಅಥೆನ್ಸಿನವರ ಮುಂದೆ ಅವನು ತೋರಿಸಿದುದು ಗೆಲವನ್ನಲ್ಲ. ಸೋತ ಶತ್ರುವಿನ ರಾಜಧಾನಿಯಾದ ಸೂಸಾ ನಗರದಲ್ಲಿ ಮಗನ ಸುದ್ದಿಗಾಗಿ ಕಾದಿರುವ ರಾಜಮಾತೆಯನ್ನು. ದೂತನು ಬಂದು ಸತ್ತವರ ಹೆಸರುಗಳನ್ನು ಒಂದೊಂದಾಗಿ ಓದುತ್ತಾನೆ; ಪತಿಯರನ್ನು ಕಳುಹಿಸಿ ಒಂಟಿಯಾದ ಪಾರಸಿಕ ಸ್ತ್ರೀಯರ ಶಯ್ಯೆಗಳು ಕಣ್ಣೀರಿನಿಂದ ತೊಯ್ದುವೆಂದು ಮೇಳದ ವೃದ್ಧರು ಹಾಡುತ್ತಾರೆ. ಹಗೆಯ ಮನೆಯ ಹೆಂಗಸರಿಗಾಗಿ ಕಲ್ಲು ನಿಲ್ಲಿಸಿದ ವೀರರು ನಮ್ಮಲ್ಲಿ ಇದ್ದಂತೆ ತೋರುವುದಿಲ್ಲ.

ದಾಖಲೆಗಳನ್ನೇ ಸಂಭಾಷಣೆಯಾಗಿಸಿ ಆಡುವ ನಾಟಕವು ಯುರೋಪಿನಲ್ಲಿ ಒಂದು ಪಂಥವಾದುದು ಬಹಳ ತಡವಾಗಿ. 1920ರ ದಶಕದಲ್ಲಿ ಜರ್ಮನಿಯ ಎರ್ವಿನ್ ಪಿಸ್ಕಾಟರನು ಭಾಷಣ, ಪತ್ರಿಕಾವರದಿ, ಚಲಚ್ಚಿತ್ರಗಳನ್ನು ರಂಗಕ್ಕೆ ತಂದನು. ಎರಡನೆಯ ಮಹಾಯುದ್ಧದಲ್ಲಿ ಸೈನಿಕರಾಗಿಯೂ ದಾದಿಯರಾಗಿಯೂ ದುಡಿದ ಸೋವಿಯತ್ ಸ್ತ್ರೀಯರ ಮಾತುಗಳನ್ನು ಸ್ವೆತ್ಲಾನಾ ಅಲೆಕ್ಸಿಯೇವಿಚ್ ಎಂಬ ಲೇಖಕಿ ಅವರವರ ಬಾಯಿಂದಲೇ ಸಂಗ್ರಹಿಸಿ 1985ರಲ್ಲಿ ಗ್ರಂಥವಾಗಿಸಿದರು; ಅದು ನಾಟಕವಾಗಿ ರಂಗವನ್ನೂ ಏರಿತು. 2015ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು. ನಮ್ಮ ಕಡೆಯಾದರೋ, 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಜೋಧಪುರದವರೊಡನೆ ಹಿಡಿದ ಮೈಸೂರು ಲ್ಯಾನ್ಸರುಗಳ ಕೀರ್ತಿಯನ್ನು ಕೇಳುತ್ತೇವೆ. ಅವರ ಮನೆಯವರ ಮಾತನ್ನು ಬಾಯಿಂದ ಬರೆದುಕೊಳ್ಳುವ ಕಾಲ ದಾಟಿಹೋಯಿತು.

ಹಾಗೆಂದು ಹಳೆಯ ಕಾಲದವರ ಮಾತನ್ನು ಪಡೆಯುವ ದಾರಿಗಳೆಲ್ಲ ಮುಚ್ಚಿಲ್ಲ. ಕಾಳಗದಲ್ಲಿ ಬಿದ್ದವನ ಮನೆಯವರಿಗೆ ಅರಸನೋ ಊರವರೋ ಭೂಮಿಯನ್ನು ಬಿಡುವ ಪದ್ಧತಿ ಕರ್ಣಾಟಕದಲ್ಲಿ ಬಹು ಪುರಾತನವಾದುದು. ನೆತ್ತರುಗೊಡಗೆ, ಬಾಳ್ಗಳ್ಚು, ಕಲ್ನಾಡು ಎಂಬ ಮಾತುಗಳು ಈ ದತ್ತಿಗಳಿಗೆ ಸಂಬಂಧಪಟ್ಟುವು. ನೆತ್ತರು ಸುರಿಸಿದವನು ಹೋದನು; ಕೊಡಗೆಯ ಹೊಲವನ್ನು ಉಳಿಸಿಕೊಂಡು, ಆಳುಗಳನ್ನು ಕೂಡಿಸಿ ಬಿತ್ತಿಸಿ, ದಾಯಾದಿಗಳ ಕಣ್ಣಿನಿಂದ ಅದನ್ನು ಕಾದು, ಮಕ್ಕಳನ್ನು ದೊಡ್ಡವರನ್ನಾಗಿಸಿದವಳು ಒಬ್ಬಳಿದ್ದಿರಬೇಕು. ಶಾಸನವು ಹೊಲದ ಅಳತೆಯನ್ನು ಕೊಟ್ಟು ಅವಳ ಹೆಸರನ್ನು ಬಿಟ್ಟಿರಬಹುದು. ಮಾಸ್ತಿಗೆ ಪೂಜೆ ಸಂದಿತು. ಇವಳಿಗೆ ಸಂದುದು ದುಡಿಮೆ. ಆದರೂ ಊರು ಉಳಿದುದು ಇವಳಿಂದ.

ಎಲ್ಲೆಡೆಯೂ ಅವಳು ಮರೆಯಾಗಿಯೇ ಇಲ್ಲ. ಅನೇಕ ವೀರಗಲ್ಲುಗಳ ಬರೆಹವು ಕಲ್ಲನ್ನು ನಿಲ್ಲಿಸಿದವರು ಯಾರೆಂಬುದನ್ನು ಹೇಳಿ ಮುಗಿಯುತ್ತದೆ. ಅವರಲ್ಲಿ ಅಣ್ಣತಮ್ಮಂದಿರು, ಮಕ್ಕಳು ಇರುವಂತೆಯೇ ಹೆಂಡತಿಯರೂ ತಾಯಂದಿರೂ ಇದ್ದಾರೆ. ಶಿಲ್ಪಿಯನ್ನು ಕರೆಸಿ, ಹೊನ್ನು ತೆತ್ತು, ಗಂಡನ ಅಥವಾ ಮಗನ ಮರಣವನ್ನು ಕಲ್ಲಿನ ಮೇಲೆ ಹೇಳಿಸಿದವಳು ಇವಳೇ. ಅಂಕಣಗಳಲ್ಲಿ ಕಾಣದಿದ್ದರೂ ಆ ನಾಟಕವನ್ನು ಆಡಿಸಿದವಳು ಇವಳು. ಆದರೆ ಅವಳ ಹೆಸರು ಬರುವ ಸಾಲು ಕೊನೆಯದಾದುದರಿಂದ ಸಾಮಾನ್ಯವಾಗಿ ಕೆಳಗಣ ಪಟ್ಟಿಕೆಯಲ್ಲಿರುತ್ತದೆ. ಕಲ್ಲು ಕುಸಿದಂತೆಲ್ಲ ಮೊದಲು ಮಣ್ಣಿನೊಳಗೆ ಹೂತುಹೋಗುವುದೂ ಅದೇ. ಬಾಣಾವರದ ಸುತ್ತಿನ ಕೆರೆಯೇರಿಗಳಲ್ಲಿ ಇಂತಹ ಕಲ್ಲುಗಳನ್ನು ಓದಹೊರಡುವ ತರುಣರು ಅಕ್ಷರಗಳಿಗೆ ಬಳಿಯಲು ಹಿಟ್ಟಿನೊಡನೆ ಒಂದು ಹಾರೆಯನ್ನೂ ಒಯ್ಯುವುದು ಮೇಲು. ಬುಡದ ಮಣ್ಣನ್ನು ಒಂದು ಗೇಣು ಬಿಡಿಸಿ ನೋಡಿ, ಓದಿಯಾದ ಮೇಲೆ ಮರಳಿ ತುಂಬಿ ಕಲ್ಲನ್ನು ಭದ್ರಪಡಿಸಿ ಬರಬೇಕು.