ಮಲ್ಲೇಶ್ವರವೋ ಬಸವನಗುಡಿಯೋ? ಮನೆ ಕೊಳ್ಳುವ ಮುನ್ನ ಒಂದಿಷ್ಟು ಇತಿಹಾಸ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಬೆಂಗಳೂರಿಗೆ ಹೋದ ನಮ್ಮ ಮಕ್ಕಳಿಗೆ ಮನೆ ಕಟ್ಟುವ ಯೋಗ ಕಡಿಮೆ. ಕಟ್ಟಿದ ಮನೆಯನ್ನು ಕೊಳ್ಳುವುದೇ ಅವರ ಪಾಲಿಗೆ ಉಳಿದಿರುವ ದಾರಿ. ನನ್ನ ಮಗ ಮತ್ತು ಸೊಸೆ ಒಂದು ವರ್ಷ ಹುಡುಕಿ ಕೊನೆಗೆ ಎರಡು ಬಡಾವಣೆಗಳಿಗೆ ಬಂದು ನಿಂತಿದ್ದಾರೆ: ಮಲ್ಲೇಶ್ವರ ಮತ್ತು ಬಸವನಗುಡಿ. ಎರಡೂ ಕಡೆ ನೋಡಿರುವ ಫ್ಲಾಟುಗಳ ದರದಲ್ಲಿ ಹೇಳಿಕೊಳ್ಳುವಂಥ ಅಂತರವಿಲ್ಲ. ಹಣ ಸಾಲದೆ ಬಂದರೆ ಸೇಡಮಿನ ನಮ್ಮ ಫರಸಿ ಕಲ್ಲಿನ ಮನೆಯನ್ನು ಮಾರಿ, ನಾವಿಬ್ಬರು ಮುದುಕರೂ ಅವರೊಡನೆ ಹೋಗಿ ಇರಬೇಕಾಗುತ್ತದೆ. ಆದ್ದರಿಂದ ಈ ಪ್ರಶ್ನೆ ಅವರದಷ್ಟೇ ಅಲ್ಲ, ನಮ್ಮದೂ ಹೌದು. “ಅಪ್ಪಾ, ನೀವು ಇತಿಹಾಸದ ಮಾಸ್ತರರು, ನೀವೇ ಹೇಳಿರಿ” ಎಂದ ಮಗ. ಅವನಿಗೆ ಹೇಳಿದ್ದನ್ನೇ ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ.

ಮೊದಲಿಗೆ ಒಂದು ಮಾತು. ನಮ್ಮ ಭಾಗದವರಿಗೆ ಬೆಂಗಳೂರು ತಡವಾಗಿ ಸಿಕ್ಕ ನಗರ. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಮಾರ್ಗ ತೆರೆದಾಗ ಚಿತ್ತಾಪುರ, ಸೇಡಂ ಎರಡೂ ಹೈದರಾಬಾದಿಗೆ ಹತ್ತಿರವಾದವು. ಓದಿಗೆ, ಕೋರ್ಟಿಗೆ, ದವಾಖಾನೆಗೆ ನಮ್ಮ ಹಿರಿಯರು ಹೋಗುತ್ತಿದ್ದುದು ಅಲ್ಲಿಗೇ. 1956ರ ನವೆಂಬರ್ 1ರಂದು ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆಯೇ ಬೆಂಗಳೂರು ನಮ್ಮ ರಾಜಧಾನಿಯಾಯಿತು. ಅಷ್ಟರಲ್ಲಿ ಈ ಎರಡು ಬಡಾವಣೆಗಳಿಗೆ ಅರ್ಧ ಶತಮಾನಕ್ಕೂ ಹೆಚ್ಚು ವಯಸ್ಸಾಗಿತ್ತು. ಅವುಗಳನ್ನು ಕಟ್ಟಿದ ಪಂಕ್ತಿಯಲ್ಲಿ ನಾವಿರಲಿಲ್ಲ ಎಂಬುದನ್ನು ನೆನಪಿಟ್ಟುಕೊಂಡೇ ಮುಂದಿನದನ್ನು ನೋಡಬೇಕು.

ಎರಡೂ ಒಂದೇ ಭಯದ ಮಕ್ಕಳು. ಹಳೆಯ ಬೆಂಗಳೂರು ಎಂದರೆ ಚಿಕ್ಕಪೇಟೆ, ಬಳೇಪೇಟೆ, ಅಕ್ಕಿಪೇಟೆಗಳ ಕಿಕ್ಕಿರಿದ ಓಣಿಗಳು. ಪೇಟೆಯ ಹೊರಗೆ ಜನರನ್ನು ನೆಲೆಗೊಳಿಸುವ ಯೋಚನೆ ಮೊದಲೇ ಇತ್ತು; 1892ರಲ್ಲಿ ಚಾಮರಾಜಪೇಟೆ ಆಗಿತ್ತು. 1898ರ ಆಗಸ್ಟಿನಲ್ಲಿ ಪ್ಲೇಗು ಬಂದಿತು. ಮುಂಬಯಿಯಲ್ಲಿ 1896ರಲ್ಲೇ ಕಾಣಿಸಿಕೊಂಡಿದ್ದ ಆ ಮಾರಿ ಧಾರವಾಡ, ಹುಬ್ಬಳ್ಳಿಯ ಕಡೆಯಿಂದ ರೈಲಿನ ಮೂಲಕವೇ ಬೆಂಗಳೂರನ್ನು ಹೊಕ್ಕಿತು. ಗಾಳಿ, ಬೆಳಕು, ಚರಂಡಿ ಇಲ್ಲದ ಮನೆಗಳಲ್ಲಿ ಇಲಿಯೂ ಮನುಷ್ಯನೂ ಒಟ್ಟಿಗೆ ಸತ್ತರು. ಆಗ ಯೋಚನೆ ಆತುರದ ಕೆಲಸವಾಯಿತು: ವಾಯವ್ಯಕ್ಕೆ ಮಲ್ಲೇಶ್ವರ, ದಕ್ಷಿಣಕ್ಕೆ ಬಸವನಗುಡಿ.

ನಕ್ಷೆಯೂ ಹೆಚ್ಚುಕಡಿಮೆ ಒಂದೇ ಜಾತಿಯದು. ನೇರವಾದ ಅಗಲ ರಸ್ತೆಗಳು, ಅಳತೆಯ ನಿವೇಶನಗಳು, ಮನೆಯ ಸುತ್ತ ಬಯಲು. ಮನೆಗಳ ಬೆನ್ನಿಗೆ ಒಂದು ಕಿರುಓಣಿ. ಇದನ್ನು ಕನ್ಸರ್ವೆನ್ಸಿ ಲೇನ್ ಎನ್ನುತ್ತಾರೆ. ಒಳಚರಂಡಿ ಇಲ್ಲದ ಆ ಕಾಲದಲ್ಲಿ ಮಲ ಹೊರುವ ಜನ ಮುಂಬಾಗಿಲಿಗೆ ಬಾರದೆ ಹಿಂದಿನಿಂದಲೇ ಬಂದು ಹೋಗಲಿ ಎಂದು ಮಾಡಿದ ದಾರಿ ಅದು. ಬಡಾವಣೆಯ ಭಾಗಗಳನ್ನು ಕೂಡ ಜಾತಿ, ಸಮುದಾಯ ನೋಡಿ ಹಂಚಲಾಗಿತ್ತು. ರೋಗಕ್ಕೆ ಹೆದರಿ ಪೇಟೆಯ ಗೋಡೆಗಳನ್ನು ಬಿಟ್ಟು ಬಂದವರು ಜಾತಿಯ ಗೋಡೆಗಳನ್ನು ಬಿಟ್ಟು ಬರಲಿಲ್ಲ. ಇದು ಹಳೆಯ ಮಾತೆಂದು ತಳ್ಳಿಹಾಕುವಂತಿಲ್ಲ. ಕೆಲವು ವರ್ಷಗಳ ಹಿಂದೆ ಬಾಡಿಗೆ ಮನೆ ಹುಡುಕುತ್ತಿದ್ದಾಗ ನನ್ನ ಮಗನಿಗೆ ಎರಡೂ ಬಡಾವಣೆಗಳಲ್ಲಿ “ನೀವು ಯಾವ ಜನ?” ಎಂಬ ಪ್ರಶ್ನೆ ಎದುರಾಯಿತು.

ಇಷ್ಟು ಸಾಮ್ಯವಿದ್ದರೆ ಭೇದ ಎಲ್ಲಿಂದ ಬಂತು? ಮೊದಲಿದ್ದ ನೆಲದಿಂದ ಸ್ವಲ್ಪ, ಆಮೇಲೆ ಬಂದ ಜನರಿಂದ ಬಹಳ.

ಮಲ್ಲೇಶ್ವರಕ್ಕೆ ಹೆಸರು ಕೊಟ್ಟದ್ದು ಮಲ್ಲಾಪುರದ ಕಾಡು ಮಲ್ಲೇಶ್ವರ ದೇವಾಲಯ. ಶಿವಾಜಿಯ ಮಲಸಹೋದರ ಏಕೋಜಿಯ 1669ರ ದಾನಶಾಸನ ಅಲ್ಲಿದೆ. ರಸ್ತೆಗಳಿಗೆ ಸಂಪಿಗೆ, ಬೇವುಗಳ ಹೆಸರು; ಅಡ್ಡರಸ್ತೆಗಳಿಗೆ ಅಂಕಿ. ಅಂಕಿ ಗೊತ್ತಿದ್ದರೆ ಹೊಸಬನೂ ದಾರಿ ತಪ್ಪುವುದಿಲ್ಲ. ಪಕ್ಕದಲ್ಲೇ 1882ರ ಸ್ಯಾಂಕಿ ಕೆರೆ. ಸಮೀಪದಲ್ಲೇ 1909ರಲ್ಲಿ ಸ್ಥಾಪನೆಯಾದ ಭಾರತೀಯ ವಿಜ್ಞಾನ ಸಂಸ್ಥೆ. ಸರ್ ಸಿ. ವಿ. ರಾಮನ್ನರ ‘ಪಂಚವಟಿ’ ಈ ಬಡಾವಣೆಯಲ್ಲೇ ಇದೆ. ವಿಜ್ಞಾನದ, ಅಧಿಕಾರಿ ವರ್ಗದ ಗಾಂಭೀರ್ಯ ಮತ್ತು ಎಂಟನೇ ಅಡ್ಡರಸ್ತೆಯ ಹೂವು ಹಣ್ಣಿನ ಗದ್ದಲ ಎರಡೂ ಅದಕ್ಕೆ ಒಗ್ಗಿವೆ.

ಬಸವನಗುಡಿ ಎಂದೊಡನೆ ನಮ್ಮ ಕಡೆಯವರಿಗೆ ಕಲ್ಯಾಣದ ಬಸವಣ್ಣನವರು ನೆನಪಾಗುತ್ತಾರೆ. ಆದರೆ ಅಲ್ಲಿಯ ಬಸವ ಏಕಶಿಲೆಯ ನಂದಿ. ಕಾರ್ತಿಕದ ಕೊನೆಯ ಸೋಮವಾರ ಅದರ ಮುಂದೆ ಕಡಲೆಕಾಯಿ ಪರಿಷೆ ಸೇರುತ್ತದೆ. ಹಳ್ಳಿಯ ರೈತ ನಗರದ ನಡುವೆ ಇಂದಿಗೂ ರಾಶಿ ಹಾಕಿ ಕೂರುತ್ತಾನೆ. ತೊಗರಿಯ ನಾಡಿನವನಾದ ನನಗೆ ಇದು ಸಣ್ಣ ಸಂಗತಿಯಲ್ಲ. ಆದರೆ ಈ ಬಡಾವಣೆಯ ನಿಜವಾದ ಆಸ್ತಿ ಬೇರೆ. 1917ರಲ್ಲಿ ನ್ಯಾಷನಲ್ ಹೈಸ್ಕೂಲು ಆರಂಭವಾಯಿತು. 1945ರ ಒಂದೇ ವರ್ಷದಲ್ಲಿ ನ್ಯಾಷನಲ್ ಕಾಲೇಜು, ಡಿ.ವಿ.ಜಿ. ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ, ಬಿ. ಪಿ. ವಾಡಿಯಾ ಅವರ ವಿಶ್ವ ಸಂಸ್ಕೃತಿ ಸಂಸ್ಥೆ ಈ ಮೂರೂ ಹುಟ್ಟಿದವು. ಮಾಸ್ತಿಯವರ ಮನೆ ಪಕ್ಕದ ಗವಿಪುರದಲ್ಲಿದೆ. ಇನ್ನು ದೋಸೆಯ ವಿಷಯ: ಇಲ್ಲಿ 1943ರ ವಿದ್ಯಾರ್ಥಿ ಭವನ, ಅಲ್ಲಿ ಸಿ.ಟಿ.ಆರ್. ಇವುಗಳ ನಡುವೆ ತೀರ್ಪು ಕೊಡುವ ಧೈರ್ಯ ಜೋಳದ ರೊಟ್ಟಿ ತಿಂದು ಬೆಳೆದ ನನಗಿಲ್ಲ.

ಸಂಚಾರದ ಮಾತಿಗೆ ಬಂದರೆ, ನಾವು ವಾಡಿಯಲ್ಲಿ ಉದ್ಯಾನ ಎಕ್ಸ್‌ಪ್ರೆಸ್ ಹತ್ತಿದರೆ ಇಳಿಯುವುದು ಮೆಜೆಸ್ಟಿಕ್ಕಿನ ಎದುರು. ಅಲ್ಲಿಂದ ಮೆಟ್ರೋದಲ್ಲಿ ಸಂಪಿಗೆ ರಸ್ತೆ ಒಂದೇ ನಿಲ್ದಾಣ, 2014ರಲ್ಲಿ ತೆರೆಯಿತು. ಇನ್ನೊಂದು ದಿಕ್ಕಿಗೆ ಮೂರನೆಯದು ನ್ಯಾಷನಲ್ ಕಾಲೇಜು; 2017ರಲ್ಲಿ ತೆರೆಯಿತು. ನಡುವೆ ಗಾಡಿ ಚಿಕ್ಕಪೇಟೆಯ ಅಡಿಯಲ್ಲಿ ಹಾಯುತ್ತದೆ. ಯಾವ ಪೇಟೆಯಿಂದ ಜನ 1898ರಲ್ಲಿ ಹೊರಗೆ ಬಂದರೋ ಅದೇ ಪೇಟೆಯನ್ನು ಇಂದು ಎರಡು ನಿಮಿಷಗಳಲ್ಲಿ ದಾಟುತ್ತೇವೆ. ಮಗ ಸೊಸೆ ಇಬ್ಬರ ಕಚೇರಿಗಳೂ ಈ ಹಸಿರು ಮಾರ್ಗಕ್ಕೆ ಹತ್ತಿರವೇ ಇವೆ. ಆದ್ದರಿಂದ ದಾರಿಯ ತೂಕವೂ ಸಮ.

ಎರಡಕ್ಕೂ ಇಂದಿನ ಕಷ್ಟವೂ ಒಂದೇ. ಗಾಳಿ ಬೆಳಕಿಗೆಂದು ಬಿಟ್ಟ ಬಯಲನ್ನು ಅಪಾರ್ಟ್‌ಮೆಂಟುಗಳು ನುಂಗಿವೆ. ಹೆಂಚಿನ ಮನೆಗಳು ಒಂದೊಂದಾಗಿ ಬೀಳುತ್ತಿವೆ. ಸ್ಯಾಂಕಿ ರಸ್ತೆಯ ಮರಗಳಿಗಾಗಿ ಮಲ್ಲೇಶ್ವರದ ಸುತ್ತಿನ ಜನ 2011ರಲ್ಲೂ 2023ರಲ್ಲೂ ಬೀದಿಗಿಳಿದರು. ಅದನ್ನು ನಾನು ಆ ಬಡಾವಣೆಯ ಗುಣಗಳ ಪಟ್ಟಿಯಲ್ಲಿ ಮೇಲೆಯೇ ಬರೆಯುತ್ತೇನೆ. ಮರವಿರುವ ರಸ್ತೆಗಿಂತ ಮರಕ್ಕಾಗಿ ನಿಲ್ಲುವ ನೆರೆಹೊರೆ ದೊಡ್ಡದು.

ಹಾಗಾದರೆ ತೀರ್ಪೇನು? ನನ್ನ ಮತ ಬಸವನಗುಡಿಗೆ, ಅದೂ ಒಂದೇ ಕಾರಣಕ್ಕೆ. ಈ ವಯಸ್ಸಿನಲ್ಲಿ ಸೇಡಮಿನ ಪರಿಚಯದ ಮುಖಗಳನ್ನು ಬಿಟ್ಟು ಹೋಗುವವನಿಗೆ ನಡೆದು ಮುಟ್ಟುವ ದೂರದಲ್ಲಿ ಒಂದು ವಾಚನಾಲಯ, ಸಂಜೆಗೆ ಒಂದು ಉಪನ್ಯಾಸ ಬೇಕು. ಉಪನ್ಯಾಸ ಕೇಳಲು ಬಂದು ಕುಳಿತವನನ್ನು “ಯಾವ ಜನ?” ಎಂದು ಯಾರೂ ಕೇಳುವುದಿಲ್ಲ. ಜಾತಿ ನೋಡಿ ಹಂಚಿದ ನೆಲದ ಮೇಲೆಯೇ ಮುಂದಿನ ತಲೆಮಾರು ಎಲ್ಲರಿಗೂ ತೆರೆದ ಬಾಗಿಲುಗಳನ್ನು ಕಟ್ಟಿತು. ಇತಿಹಾಸದಲ್ಲಿ ನಾನು ಕಂಡ ಸಮಾಧಾನದ ಸಂಗತಿಗಳಲ್ಲಿ ಇದೂ ಒಂದು.

ಮನೆ ಹುಡುಕುತ್ತಿರುವ ಮಿತ್ರರಿಗೆ ಒಂದು ಕಿವಿಮಾತು. ಖಾತೆ, ಋಣಭಾರ ಪತ್ರ, ನೀರು ಇವನ್ನು ಅವಶ್ಯವಾಗಿ ನೋಡಿರಿ. ಜೊತೆಗೆ ಆ ಬಡಾವಣೆಯಲ್ಲಿ ಎಲ್ಲರಿಗೂ ಸೇರಿದ್ದು ಏನಿದೆ, ಅದನ್ನು ಈಗ ಕಾಯುತ್ತಿರುವವರು ಯಾರು ಎಂಬುದನ್ನೂ ನೋಡಿರಿ. ಫ್ಲಾಟಿನ ಬೆಲೆಯಲ್ಲಿ ಗೋಡೆಗಿಂತ ಹೆಚ್ಚಿನ ಪಾಲು ಬೇರೆಯವರು ನೂರು ವರ್ಷ ಬೆಳೆಸಿದ ನೆರಳಿನದು, ಶಾಲೆಯದು, ಉದ್ಯಾನದ್ದು. ಕಟ್ಟುವಾಗ ನಾವಿರಲಿಲ್ಲ, ನಿಜ. ಕಾಯುವ ಕೆಲಸಕ್ಕೆ ನಾವು ತಡವಾಗಿ ಬಂದಿಲ್ಲ.