ಬಿಟ್ಟು ಬಿಟ್ಟು ಬರುವ ಜ್ವರ

ನಮ್ಮಜ್ಜ ಬೀಳಗಿ ಕಡೆಯ ಹಳ್ಳಿಯವನು. ಜಮಖಂಡಿಗೆ ಬಂದು ಟಾಂಗಾ ಹೊಡೆಯುತ್ತಿದ್ದ. ಆಸ್ತಿಯೆಂದರೆ ಒಂದು ಕುದುರೆ. ಒಂದು ಮಳೆಗಾಲದಲ್ಲಿ ಅದಕ್ಕೆ ಜ್ವರ ಬಂತು, ನಾಲ್ಕಾರು ದಿನಕ್ಕೆ ತಾನಾಗಿಯೇ ಇಳಿಯಿತು. ಅಜ್ಜ ಮತ್ತೆ ಗಾಡಿಗೆ ಹೂಡಿದ. ಜ್ವರ ತಿರುಗಿ ಬಂತು. ಹೀಗೆ ಬಿಟ್ಟು ಬಿಟ್ಟು ಬಂದು, ಕಾಲು ಬಾತು, ಎರಡು ತಿಂಗಳಲ್ಲಿ ಕುದುರೆ ಸತ್ತಿತು. ಕೊನೆಯಲ್ಲಿ ರಕ್ತ ನೋಡಿದ ದನದ ಡಾಕ್ಟರು ‘ಸರ್ರಾ’ ಎಂದರಂತೆ. “ಜ್ವರ ಬಿಟ್ಟಿತ್ತಲ್ಲ, ಮತ್ತ ಯಾಕ ಬಂತು? ನಾನ ಲಗೂ ಹೂಡಿ ಕೊಂದೆ” ಎಂದು ಅಜ್ಜ ಸಾಯುವವರೆಗೂ ಹಳಹಳಿಸುತ್ತಿದ್ದ ಎನ್ನುತ್ತಾಳೆ ಅವ್ವ. ಪರಾವಲಂಬಿ ಜೀವಿಗಳ ಅಧ್ಯಯನದ ಇತಿಹಾಸದ ಮೇಲೆ ಪಿಎಚ್‌ಡಿ ಮಾಡುತ್ತಿರುವ ನನಗೆ ಅಜ್ಜನ ಆ ಪ್ರಶ್ನೆಯೇ ದಾರಿ ತೋರಿಸಿತು.

ಪಟವರ್ಧನರ ಜಮಖಂಡಿ, ಘೋರ್ಪಡೆಯವರ ಮುಧೋಳ, ಎರಡೂ ಸವಾರರ ಸಂಸ್ಥಾನಗಳು. ಕುದುರೆ ಇದ್ದಲ್ಲಿ ಸರ್ರಾದ ಭಯವೂ ಇರುತ್ತದೆ. ಒಂಟೆ, ಎಮ್ಮೆ, ನಾಯಿಗಳನ್ನೂ ಅದು ಬಿಡುವುದಿಲ್ಲ. ರಕ್ತ ಹೀರುವ ದೊಡ್ಡ ನೊಣಗಳು ಅದನ್ನು ಹರಡುತ್ತವೆ. 1880ರಲ್ಲಿ ಬ್ರಿಟಿಷ್ ಸೇನೆಯ ಪಶುವೈದ್ಯ ಗ್ರಿಫಿತ್ ಇವಾನ್ಸ್, ಆಗ ಪಂಜಾಬಿನಲ್ಲಿದ್ದ ದೇರಾ ಇಸ್ಮಾಯಿಲ್ ಖಾನ್‌ನಲ್ಲಿ, ರೋಗಿ ಕುದುರೆಗಳ ರಕ್ತದಲ್ಲಿ ಮಿಡುಕಾಡುವ ಏಕಕೋಶ ಜೀವಿಯೊಂದನ್ನು ಕಂಡ. ರೋಗಕ್ಕೆ ಅದೇ ಕಾರಣವೆಂದಾಗ ಹಿರಿಯ ತಜ್ಞರು ಒಪ್ಪಲಿಲ್ಲ. ಇಂದು ಆ ಜೀವಿಗೆ ಅವನದೇ ಹೆಸರಿದೆ: ಟ್ರಿಪನೋಸೋಮಾ ಇವಾನ್ಸಿ.

ಜ್ವರ ತಿರುಗಿ ಬರುವುದೇಕೆ ಎಂಬುದು ತಿಳಿಯಲು ಮತ್ತೆ ನೂರು ವರ್ಷ ಬೇಕಾಯಿತು. ಇವಾನ್ಸಿಯ ಆಫ್ರಿಕದ ದಾಯಾದಿ, ಮನುಷ್ಯರಿಗೆ ನಿದ್ರಾರೋಗ ತರುವ ಟ್ರಿಪನೋಸೋಮಾ ಬ್ರೂಸಿಯಿಂದ ಉತ್ತರ ಸಿಕ್ಕಿತು. ಈ ಜೀವಿಗಳ ಮೈಗೆ ಒಂದೇ ಬಗೆಯ ಪ್ರೋಟೀನಿನ ದಟ್ಟ ಅಂಗಿ. ಶರೀರ ಆ ಅಂಗಿಯನ್ನು ಗುರುತಿಸಿ ಕೊಲ್ಲತೊಡಗಿದಾಗ ಜ್ವರ ಇಳಿಯುತ್ತದೆ. ಅಷ್ಟರಲ್ಲಿ ಕೆಲವು ಜೀವಿಗಳು ಬೇರೆ ಅಂಗಿ ತೊಟ್ಟಿರುತ್ತವೆ. ಅವು ಬೆಳೆದಾಗ ಮತ್ತೆ ಜ್ವರ. ಬ್ರೂಸಿಯ ಬಳಿ ಇಂಥ ಅಂಗಿಗಳ ಸಾವಿರಕ್ಕೂ ಹೆಚ್ಚು ವಂಶವಾಹಿಗಳಿವೆ. ಒಮ್ಮೆಗೆ ಕೆಲಸ ಮಾಡುವುದು ಒಂದೇ, ಅದೂ ವರ್ಣತಂತುವಿನ ತುದಿಯಲ್ಲಿ, ಟೆಲೋಮಿಯರ್‌ಗೆ ಅಂಟಿಕೊಂಡ ಜಾಗದಲ್ಲಿ. ವಂಶವಾಹಿಗಳ ಅದಲು ಬದಲು ತುದಿಗಳಲ್ಲಿ ಸಲೀಸು.

ಟೆಲೋಮಿಯರ್ ಎಂದರೇನು? ರಬಕವಿ-ಬನಹಟ್ಟಿಯ ಮಗ್ಗ ನೋಡಿದವರಿಗೆ ಬೇಗ ತಿಳಿದೀತು. ಹಾಸಿನ ಕೊನೆಯ ತುಂಡನ್ನು ನೇಯಲು ಬರುವುದಿಲ್ಲ. ನೇಕಾರರು ಆ ಉಳಿದ ಎಳೆಗಳಿಗೆ ಹೊಸ ಹಾಸನ್ನು ಕೆಚ್ಚಿ ಕೂಡಿಸುತ್ತಾರೆ. ಡಿಎನ್‌ಎ ಪ್ರತಿಯಾಗುವಾಗಲೂ ಹಾಗೆಯೇ, ತುದಿಯ ಚೂರು ಪ್ರತಿಯಾಗದೆ ಉಳಿಯುತ್ತದೆ. ಆದ್ದರಿಂದ ತುದಿಯಲ್ಲಿ ಒಂದೇ ಅಕ್ಷರಗುಚ್ಛ ಮತ್ತೆ ಮತ್ತೆ ಬಂದು ಒಳಗಿನ ಬರಹವನ್ನು ಕಾಯುತ್ತದೆ. ಸವೆದ ತುದಿಗೆ ಹೊಸ ಗುಚ್ಛ ಕೂಡಿಸುವುದು ಟೆಲೋಮರೇಸ್ ಎಂಬ ಕಿಣ್ವ. ನಮ್ಮ ದೇಹದ ಬಹುಪಾಲು ಕೋಶಗಳಲ್ಲಿ ಅದು ಸುಮ್ಮನಿರುತ್ತದೆ. ನಿರಂತರ ಒಡೆದು ಬೆಳೆಯಬೇಕಾದ ಪರಾವಲಂಬಿಯಲ್ಲಿ ಸುಮ್ಮನಿರುವಂತಿಲ್ಲ.

ಎಲಿಜಬೆತ್ ಬ್ಲ್ಯಾಕ್‌ಬರ್ನ್ ಮತ್ತು ಜೋಸೆಫ್ ಗಾಲ್ 1978ರಲ್ಲಿ ಇಂಥ ಗುಚ್ಛವನ್ನು ಮೊದಲು ಓದಿದ್ದು ಕೆರೆನೀರಿನ ನಿರುಪದ್ರವಿ ಜೀವಿ ಟೆಟ್ರಾಹೈಮಿನಾದಲ್ಲಿ. 1984ರಲ್ಲಿ ನಿದ್ರಾರೋಗದ ಜೀವಿಯಲ್ಲಿ ಟಿ-ಟಿ-ಎ-ಜಿ-ಜಿ-ಜಿ ಎಂಬ ಗುಚ್ಛ ಸಿಕ್ಕಿತು. 1988ರಲ್ಲಿ ಮನುಷ್ಯನ ಟೆಲೋಮಿಯರ್ ಓದಿದರೆ ಅಕ್ಷರಕ್ಕೆ ಅಕ್ಷರ ಅದೇ! ನಮ್ಮೊಳಗಿನ ತುದಿಯ ಬರಹವನ್ನು ನಾವು ಮೊದಲು ಓದಿದ್ದು ನಮ್ಮನ್ನು ಕೊಲ್ಲುವ ಜೀವಿಯಲ್ಲಿ. ಬ್ಲ್ಯಾಕ್‌ಬರ್ನ್, ಕ್ಯಾರೊಲ್ ಗ್ರೈಡರ್, ಜ್ಯಾಕ್ ಶೋಸ್ಟಾಕ್ ಅವರಿಗೆ 2009ರಲ್ಲಿ ನೊಬೆಲ್ ಬಂತು. ಮಲೇರಿಯಾದ ಪ್ಲಾಸ್ಮೋಡಿಯಂ ಫಾಲ್ಸಿಪೇರಂ ಕೂಡ ತನ್ನ ವೇಷದ ಸುಮಾರು 60 ವಂಶವಾಹಿಗಳಲ್ಲಿ ಹೆಚ್ಚಿನವನ್ನು ತುದಿಗಳ ಹತ್ತಿರವೇ ಇಟ್ಟುಕೊಂಡಿದೆ.

ಇಷ್ಟನ್ನೂ ಅವ್ವನಿಗೆ ಹೇಳಿದೆ. “ಹಂಗಾದ್ರ ಅಪ್ಪಂದು ತಪ್ಪಿರಲಿಲ್ಲೇನು?” ಎಂದಳು. ಪೂರ್ತಿ ಹೌದೆನ್ನಲು ಬಾಯಿ ಬರಲಿಲ್ಲ. ದುಡಿತದ ಆಯಾಸ ಈ ರೋಗವನ್ನು ಉಲ್ಬಣಿಸುತ್ತದೆ. ಆದರೆ ಔಷಧ ಬೀಳದ ಕುದುರೆ ಸರ್ರಾದಿಂದ ಉಳಿಯುವುದು ತೀರ ಅಪರೂಪ. “ಜ್ವರ ಬಿಟ್ಟಿರಲೇ ಇಲ್ಲವ್ವಾ, ಅಂಗಿ ಬದಲಿ ಮಾಡಾಕ ಹತ್ತಿತ್ತು” ಎಂದೆ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, “ಇದನ್ನ ಅಂವಗ ಯಾರರ ಹೇಳಬೇಕಿತ್ತು” ಎಂದಳು.